ಇಪ್ಪತ್ತಾರು ತಲೆಮಾರು, ಒಂದೇ ವ್ಯಾಪಾರ: ಫ್ಲಾರೆನ್ಸಿನ ಅಂತಿನೋರಿ ಮನೆತನದ ಕಥೆ

ಅಜ್ಜ ಗ್ಲಾಸು ತೊಳೆದು ಹೊಟೇಲು ಕಟ್ಟಿದ, ಅಪ್ಪ ಗಲ್ಲಾದಲ್ಲಿ ಕೂತು ಬೆಳೆಸಿದ, ಮಗ ಬೀಗ ಹಾಕಿದ. ಸಂಘದ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ನಮ್ಮವರು ತಮಾಷೆಗೆಂದು ಆಡುವ ಮಾತಿದು. ಹೇಳಿದವರೂ ನಗುತ್ತಾರೆ, ಕೇಳಿದವರೂ ನಗುತ್ತಾರೆ. ಆ ನಗುವಿನ ಹಿಂದಿನ ಸಂಕಟ ಮಾತ್ರ ನಮಗೆಲ್ಲರಿಗೂ ಗೊತ್ತಿರುವುದೇ. ಮಗ ಇಂಜಿನಿಯರಾಗಿ ಅಮೆರಿಕದಲ್ಲಿದ್ದಾನೆ, ಮಗಳು ಬ್ಯಾಂಕಿನಲ್ಲಿದ್ದಾಳೆ, ಪಾಲುದಾರರ ಮಕ್ಕಳಿಗೆ ಜಾಗದ ಬೆಲೆಯ ಮೇಲೆ ಕಣ್ಣು. ಬೆಳಗ್ಗೆ ನಾಲ್ಕಕ್ಕೆ ಎದ್ದು ಶಟರ್ ಎತ್ತುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಹೀಗಿರುವಾಗ, ಒಂದೇ ಮನೆತನ ಒಂದೇ ವ್ಯಾಪಾರವನ್ನು ಇಪ್ಪತ್ತಾರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ ಎಂದರೆ ನಂಬುವುದು ಕಷ್ಟ. ಇಟಲಿಯ ಫ್ಲಾರೆನ್ಸ್ ನಗರದ ಅಂತಿನೋರಿ ಮನೆತನ ಅಂಥದ್ದು. ಅವರ ವ್ಯಾಪಾರ ದ್ರಾಕ್ಷಿ ಬೆಳೆದು ವೈನ್ ಮಾಡುವುದು. ಪರ್ಮಿಟ್ ರೂಮ್ ಇಲ್ಲದ ನಮ್ಮ ಶುದ್ಧ ಸಸ್ಯಾಹಾರಿ ಹೊಟೇಲಿನವರು ಇಷ್ಟಕ್ಕೇ ಪುಟ ತಿರುಗಿಸಬಾರದೆಂದು ವಿನಂತಿ. ಇದು ವೈನಿನ ಕಥೆ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಗಲ್ಲಾಪೆಟ್ಟಿಗೆಯ ಬೀಗದ ಕೈ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ ಕಥೆ.

ಸಂಘದ ಸದಸ್ಯತ್ವದಿಂದ ಆರಂಭ

ಈ ಮನೆತನ ತನ್ನ ವ್ಯಾಪಾರದ ಲೆಕ್ಕವನ್ನು ಎಣಿಸುವುದು 1385ರಿಂದ. ಆ ವರ್ಷ ಜೊವಾನ್ನಿ ದಿ ಪಿಯೇರೊ ಅಂತಿನೋರಿ ಎಂಬವರು ಫ್ಲಾರೆನ್ಸಿನ ವೈನ್ ವ್ಯಾಪಾರಿಗಳ ಸಂಘಕ್ಕೆ ಸದಸ್ಯರಾಗಿ ಸೇರಿದರು. ನಮ್ಮಲ್ಲಿ ಎರಡನೆಯ ಹರಿಹರ ವಿಜಯನಗರವನ್ನು ಆಳುತ್ತಿದ್ದ ಕಾಲವದು. ಅಂದರೆ ಮನೆತನದ ಹಳೆಯ ದಾಖಲೆ ಅರಮನೆಯದಲ್ಲ, ಯುದ್ಧದ್ದಲ್ಲ, ಒಂದು ಸಂಘದ ಸದಸ್ಯತ್ವದ್ದು. ಸಂಘದ ಕೆಲಸಕ್ಕಾಗಿ ಓಡಾಡುವ ನಮ್ಮಂಥವರಿಗೆ ಇದನ್ನು ಓದಿ ಸ್ವಲ್ಪ ಹೆಮ್ಮೆ ಆದರೆ ತಪ್ಪಿಲ್ಲ.

ಆ ಸಂಘ ಸ್ಥಾಪನೆಯಾದದ್ದು 1282ರಲ್ಲಿ. ಅದರ ಕಟ್ಟಳೆಗಳನ್ನು ಓದಿದರೆ ನಮ್ಮ ಲೈಸೆನ್ಸ್ ಫೈಲನ್ನೇ ತೆರೆದಂತಾಗುತ್ತದೆ. ಚರ್ಚಿನಿಂದ ನೂರು ಗಜದೊಳಗೆ ವೈನ್ ಅಂಗಡಿ ಇಡುವಂತಿಲ್ಲ. ಹದಿನೈದು ವರ್ಷಕ್ಕಿಂತ ಚಿಕ್ಕವರಿಗೆ ಕೊಡುವಂತಿಲ್ಲ. ಪುಂಡರಿಗೂ ಕಳ್ಳರಿಗೂ ಬಡಿಸುವಂತಿಲ್ಲ. ದೇವಸ್ಥಾನ, ಶಾಲೆಗಳಿಂದ ಅಂತರ ಅಳೆಸಿ ಅಳೆಸಿ ಸುಸ್ತಾದ ನಮ್ಮ ಮಾಲಕರು, ಏಳುನೂರು ವರ್ಷಗಳ ಹಿಂದಿನವರಿಗೂ ಇದೇ ತಲೆನೋವಿತ್ತು ಎಂದು ಸಮಾಧಾನಪಟ್ಟುಕೊಳ್ಳಬಹುದು.

ಆಗಿನ ಅಂತಿನೋರಿಗಳಿಗೆ ವೈನ್ ಒಂದೇ ಕಸುಬಾಗಿರಲಿಲ್ಲ. ರೇಷ್ಮೆ ವ್ಯಾಪಾರವಿತ್ತು, ಲೇವಾದೇವಿಯಿತ್ತು. ಇದರಿಂದ ಬಂದ ಸಂಪತ್ತಿನಿಂದ 1506ರಲ್ಲಿ ಫ್ಲಾರೆನ್ಸಿನ ನಡುಮಧ್ಯೆ ಒಂದು ದೊಡ್ಡ ಮನೆಯನ್ನು ಕೊಂಡರು. ಅದು ಇಂದಿಗೂ ಪಲಾತ್ಸೊ ಅಂತಿನೋರಿ ಎಂಬ ಹೆಸರಿನಲ್ಲಿದೆ. ರೇಷ್ಮೆಯೂ ಲೇವಾದೇವಿಯೂ ಕಾಲಕ್ರಮದಲ್ಲಿ ಕರಗಿಹೋದವು, ಉಳಿದದ್ದು ವೈನ್.

ಗೋಡೆಯಲ್ಲೊಂದು ಪಾರ್ಸೆಲ್ ಕಿಟಕಿ

ಫ್ಲಾರೆನ್ಸಿನ ಹಳೆಯ ಬೀದಿಗಳಲ್ಲಿ ದೊಡ್ಡ ಮನೆಗಳ ಕಲ್ಲುಗೋಡೆಗಳಲ್ಲಿ, ಸೊಂಟದೆತ್ತರಕ್ಕೆ, ಒಂದು ಸಣ್ಣ ಕಿಂಡಿ ಕಾಣುತ್ತದೆ. ಒಂದು ಸೀಸೆ ಹಿಡಿದ ಕೈ ತೂರುವಷ್ಟೇ ಅಗಲ, ಮೇಲೆ ಕಮಾನು, ಒಳಗಡೆ ಮರದ ಕದ. ಇವಕ್ಕೆ ಬುಕೆತ್ತೆ ದೆಲ್ ವೀನೊ, ಅಂದರೆ ವೈನ್ ಕಿಂಡಿಗಳು ಎಂದು ಹೆಸರು. ಊರಿನ ಜಮೀನ್ದಾರರು ತಮ್ಮ ಹಳ್ಳಿಯ ತೋಟದಲ್ಲಿ ಮಾಡಿಸಿದ ವೈನನ್ನು ಮಧ್ಯವರ್ತಿಯಿಲ್ಲದೆ ನೇರವಾಗಿ ಗಿರಾಕಿಗೆ ಮಾರುತ್ತಿದ್ದ ಕೌಂಟರುಗಳಿವು. ಗಿರಾಕಿ ಕದ ತಟ್ಟುತ್ತಾನೆ, ಖಾಲಿ ಸೀಸೆಯನ್ನೂ ಹಣವನ್ನೂ ಒಳಗೆ ನೀಡುತ್ತಾನೆ, ತುಂಬಿದ ಸೀಸೆ ಹೊರಗೆ ಬರುತ್ತದೆ. ಫ್ಲಾರೆನ್ಸಿನಲ್ಲಿ ಇಂಥ ನೂರೈವತ್ತಕ್ಕೂ ಹೆಚ್ಚು ಕಿಂಡಿಗಳನ್ನು ಗುರುತಿಸಲಾಗಿದೆ.

1630ರ ಸುಮಾರಿಗೆ ನಗರಕ್ಕೆ ಪ್ಲೇಗ್ ಬಂತು. ಆಗ ಈ ಕಿಂಡಿಗಳು ಹೇಗೆ ಉಪಯೋಗಕ್ಕೆ ಬಂದವು ಎಂಬುದನ್ನು ಫ್ರಾಂಚೆಸ್ಕೊ ರೊಂದಿನೆಲ್ಲಿ ಎಂಬವರು ಅದೇ ಕಾಲದಲ್ಲಿ ಬರೆದಿಟ್ಟಿದ್ದಾರೆ. ಮಾರುವವನು ಗಿರಾಕಿಯ ನಾಣ್ಯವನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಲೋಹದ ಸಟ್ಟುಗದಂಥದ್ದರಲ್ಲಿ ಅದನ್ನು ತೆಗೆದುಕೊಂಡು ವಿನೆಗರ್‌ನಲ್ಲಿ ಅದ್ದುತ್ತಿದ್ದ. 2020ರಲ್ಲಿ ಕೊರೊನಾ ಬಂದಾಗ ಫ್ಲಾರೆನ್ಸಿನ ಕೆಲವು ಹೊಟೇಲಿನವರು ಈ ಹಳೆಯ ಕಿಂಡಿಗಳನ್ನು ಮತ್ತೆ ತೆರೆದು ಕಾಫಿ, ಐಸ್‌ಕ್ರೀಮು, ವೈನ್ ಮಾರಿದರು. ಅದೇ ವರ್ಷ ನಾವು ಅರ್ಧ ಶಟರ್ ಇಳಿಸಿ, ಬಾಗಿಲಿಗೆ ಅಡ್ಡ ಮೇಜು ಇಟ್ಟು ಇಡ್ಲಿ-ವಡೆ ಪಾರ್ಸೆಲ್ ಕೊಟ್ಟದ್ದನ್ನು ಯಾರೂ ಮರೆತಿಲ್ಲ. ಕಷ್ಟಕಾಲದಲ್ಲಿ ಹೊಟೇಲಿನವನ ಬುದ್ಧಿ ಎಲ್ಲ ದೇಶಗಳಲ್ಲೂ ಒಂದೇ ದಾರಿಯಲ್ಲಿ ಓಡುತ್ತದೆ.

ದ್ರಾಕ್ಷಿಯ ಹುಳಿ, ಹಿಟ್ಟಿನ ಹುಳಿ

ಕೆಂಪು ವೈನ್ ಮಾಡುವ ಕ್ರಮ ನಮ್ಮ ಅಡುಗೆಮನೆಯವರಿಗೆ ಅರ್ಥವಾಗದಂಥದ್ದೇನಲ್ಲ. ಟಸ್ಕನಿ ಪ್ರಾಂತದಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ದ್ರಾಕ್ಷಿ ಕೊಯ್ಲು. ಅಲ್ಲಿಯ ಮುಖ್ಯ ತಳಿಯ ಹೆಸರು ಸಾಂಜೊವೇಸೆ. ಗೊಂಚಲಿನ ತೊಟ್ಟು ಬಿಡಿಸಿ, ಹಣ್ಣನ್ನು ಒಡೆದು, ರಸವನ್ನು ಸಿಪ್ಪೆಯ ಸಮೇತ ತೊಟ್ಟಿಗೆ ಹಾಕುತ್ತಾರೆ. ಕೆಂಪು ದ್ರಾಕ್ಷಿಯಾದರೂ ರಸ ಹೆಚ್ಚುಕಡಿಮೆ ಬಣ್ಣವಿಲ್ಲದ್ದೇ. ಬಣ್ಣವೂ ಒಗರೂ ಬರುವುದು ಸಿಪ್ಪೆಯಿಂದ. ಯೀಸ್ಟ್ ಎಂಬ ಸೂಕ್ಷ್ಮಜೀವಿ ರಸದ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ. ಅನಿಲ ಮೇಲೇರುವಾಗ ಸಿಪ್ಪೆಯನ್ನೆಲ್ಲ ಎತ್ತಿಕೊಂಡು ಬಂದು ತೊಟ್ಟಿಯ ಮೇಲೆ ದಪ್ಪ ಪದರ ಕಟ್ಟುತ್ತದೆ. ಅದನ್ನು ದಿನವೂ ಒತ್ತಿ ಮುಳುಗಿಸಬೇಕು, ಇಲ್ಲವೇ ಕೆಳಗಿನ ರಸವನ್ನು ಎತ್ತಿ ಮೇಲೆ ಸುರಿಯಬೇಕು. ಒಂದರಿಂದ ಮೂರು ವಾರ ಹೀಗೆ. ಆಮೇಲೆ ಹಿಂಡಿ, ಮರದ ಪೀಪಾಯಿಗೆ ತುಂಬುವುದು.

ಪೀಪಾಯಿಯಲ್ಲಿ ಎರಡನೆಯದೊಂದು ಹುದುಗು ನಡೆಯುತ್ತದೆ. ಹಸಿ ಸೇಬಿನಲ್ಲಿರುವಂಥ ಚುರುಕು ಹುಳಿ ಕರಗಿ, ಮೊಸರಿನಲ್ಲಿರುವಂಥ ಮೆದು ಹುಳಿಯಾಗುತ್ತದೆ. ಈ ಕೆಲಸ ಮಾಡುವ ಬ್ಯಾಕ್ಟೀರಿಯಾಕ್ಕೆ ವಿಜ್ಞಾನಿಗಳು ಬಹಳ ಕಾಲ ಲ್ಯೂಕೊನೊಸ್ಟಾಕ್ ಎಂಬ ಬಳಗದ ಹೆಸರನ್ನೇ ಇಟ್ಟಿದ್ದರು. 1995ರಲ್ಲಿ ಅದನ್ನು ಬೇರೆ ಹೆಸರಿಗೆ ವರ್ಗಾಯಿಸಿದರು. ರಾತ್ರಿಯಿಡೀ ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಬಳಗದ ಬ್ಯಾಕ್ಟೀರಿಯಾವೇ. ಚಳಿಗಾಲದಲ್ಲಿ ಹಿಟ್ಟು ಏಳದಿದ್ದರೆ ನಮ್ಮ ಭಟ್ಟರು ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸುತ್ತಾರೆ. ಚಳಿಗೆ ಈ ಎರಡನೆಯ ಹುದುಗು ನಿಂತುಹೋದರೆ ವೈನ್ ಮಾಡುವವರೂ ನೆಲಮಾಳಿಗೆಯನ್ನು ಬೆಚ್ಚಗಾಗಿಸುತ್ತಾರೆ.

ಟಸ್ಕನಿಯ ಹಳೆಯ ಪದ್ಧತಿಯಲ್ಲಿ ಇನ್ನೊಂದು ಉಪಾಯವಿತ್ತು, ಹೆಸರು ಗೊವೆರ್ನೊ. ಕೊಯ್ಲಿನಲ್ಲಿ ಒಂದಿಷ್ಟು ಒಳ್ಳೆಯ ಗೊಂಚಲುಗಳನ್ನು ಬೇರೆ ತೆಗೆದು ಒಣಗಲು ಇಡುವುದು. ಮೊದಲ ಹುದುಗು ಮುಗಿಯುತ್ತ ಬಂದಾಗ ಆ ಒಣಗಿದ ಹಣ್ಣಿನ ರಸವನ್ನು ಸೇರಿಸಿದರೆ ಹುದುಗು ನಿಧಾನವಾಗಿ ಮತ್ತೆ ಹೊರಡುತ್ತದೆ, ವೈನ್ ಮೆತ್ತಗಾಗಿ ಬೇಗ ಕುಡಿಯುವ ಹದಕ್ಕೆ ಬರುತ್ತದೆ. ಅದನ್ನು ತುಂಬುತ್ತಿದ್ದದ್ದು ಹುಲ್ಲಿನ ಹೆಣಿಗೆ ಹೊದಿಸಿದ ಗುಂಡು ಸೀಸೆಗಳಿಗೆ. ಬಿರಡೆಯ ಬದಲು ವೈನಿನ ಮೇಲೆ ತುಸು ಆಲಿವ್ ಎಣ್ಣೆ ತೇಲಿಬಿಟ್ಟರೆ ಗಾಳಿ ತಾಗುತ್ತಿರಲಿಲ್ಲ. ನಮ್ಮ ಅಜ್ಜಿಯಂದಿರು ಉಪ್ಪಿನಕಾಯಿ ಭರಣಿಯ ಮೇಲೆ ಎಣ್ಣೆ ನಿಲ್ಲಿಸುತ್ತಿದ್ದ ಲೆಕ್ಕವೇ.

ಎಲ್ಲಕ್ಕಿಂತ ನಮ್ಮ ಮನಸ್ಸಿಗೆ ಹಿಡಿದದ್ದು ವಿನ್ ಸಾಂತೊ ಎಂಬ ಸಿಹಿ ವೈನಿನ ಕ್ರಮ. ಹಬ್ಬಕ್ಕೂ ನೆಂಟರಿಗೂ ಎಂದು ಟಸ್ಕನಿಯ ತೋಟದ ಮನೆಗಳಲ್ಲಿ ಮಾಡುತ್ತಿದ್ದ ಇದನ್ನು ಅಂತಿನೋರಿಗಳು ಇಂದಿಗೂ ಮಾಡುತ್ತಾರೆ. ಬಿಳಿ ದ್ರಾಕ್ಷಿಯ ಗೊಂಚಲುಗಳನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಿ ಹಿಂಡುತ್ತಾರೆ. ದಪ್ಪನೆಯ ರಸವನ್ನು ಸಣ್ಣ ಪೀಪಾಯಿಗಳಿಗೆ ಹಾಕಿ, ಬಾಯಿ ಮುಚ್ಚಿ, ಹೆಂಚಿನ ಮಾಡಿನ ಕೆಳಗೆ ಕನಿಷ್ಠ ಮೂರು ವರ್ಷ ಇಡುತ್ತಾರೆ. ಬೇಸಿಗೆಯ ಸೆಕೆಯೂ ಚಳಿಗಾಲದ ಹಿಮವೂ ಅದಕ್ಕೆ ತಾಗಬೇಕು. ಆ ಪೀಪಾಯಿ ಯಾವತ್ತೂ ಪೂರ್ತಿ ಖಾಲಿಯಾಗುವುದಿಲ್ಲ. ತಳದಲ್ಲಿ ಉಳಿಯುವ ಗಟ್ಟಿ ಗಸಿಯನ್ನು ಹಾಗೆಯೇ ಬಿಟ್ಟು ಅದರ ಮೇಲೆ ಹೊಸ ರಸ ಹಾಕುತ್ತಾರೆ. ಆ ಗಸಿಗೆ ಅವರ ಭಾಷೆಯಲ್ಲಿ ಮಾದ್ರೆ, ಅಂದರೆ ತಾಯಿ ಎನ್ನುತ್ತಾರೆ. ನಾವು ಹೆಪ್ಪು ಎನ್ನುತ್ತೇವೆ. ನಿನ್ನೆಯ ಮೊಸರಿನ ಒಂದು ಚಮಚೆ ಇಂದಿನ ಹಾಲಿಗೆ ಬೀಳದಿದ್ದರೆ ನಾಳೆಗೆ ಮೊಸರಿಲ್ಲ. ತಲೆಮಾರಿನ ವ್ಯಾಪಾರವೂ ಹೀಗೆಯೇ ನಡೆಯುವಂಥದ್ದು.

ಗೇಣಿದಾರರು ಹೊರಟುಹೋದಾಗ

ಈ ಕಥೆಯಲ್ಲಿ ಅರಮನೆಯನ್ನಷ್ಟೇ ನೋಡಿದರೆ ತಪ್ಪಾಗುತ್ತದೆ. ಶತಮಾನಗಳ ಕಾಲ ಟಸ್ಕನಿಯ ಗುಡ್ಡಗಳಲ್ಲಿ ದ್ರಾಕ್ಷಿ ಬೆಳೆದವರು ಅರ್ಧಪಾಲಿನ ಗೇಣಿದಾರರು. ಭೂಮಿ ಒಡೆಯರದು, ದುಡಿಮೆ ಒಕ್ಕಲಿನದು, ಬೆಳೆಯಲ್ಲಿ ಅರ್ಧರ್ಧ. ಒಕ್ಕಲು ತನ್ನ ಹೊಟ್ಟೆಗಾಗಿ ದ್ರಾಕ್ಷಿಯ ಸಾಲುಗಳ ನಡುವೆಯೇ ಗೋಧಿ ಬಿತ್ತುತ್ತಿತ್ತು, ಆಲಿವ್ ಮರ ನೆಡುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಅವರ ಮಕ್ಕಳು ಕಾರ್ಖಾನೆ ಕೆಲಸಕ್ಕೆ ಪಟ್ಟಣಕ್ಕೆ ಹೊರಟರು. 1964ರ ಕಾನೂನು ಹೊಸ ಅರ್ಧಪಾಲಿನ ಒಪ್ಪಂದಗಳನ್ನು ನಿಷೇಧಿಸಿತು. ಹತ್ತು ವರ್ಷದ ಅನಂತರ, 1974ರಲ್ಲಿ, ಕರ್ನಾಟಕದ ಭೂಸುಧಾರಣೆ ನಮ್ಮ ಊರುಗಳಲ್ಲಿ ಏನು ಮಾಡಿತು ಎಂಬುದನ್ನು ಬಲ್ಲ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಧಣಿಗಳ ಮನೆಯವರೂ ಇದ್ದಾರೆ, ಒಕ್ಕಲಿನ ಮನೆಯವರೂ ಇದ್ದಾರೆ. ಮುಂಬಯಿಯ ಗಲ್ಲಾದಲ್ಲಿ ಇಬ್ಬರೂ ಅಕ್ಕಪಕ್ಕ ಕೂತದ್ದೂ ಇದೆ.

ಟಸ್ಕನಿಯಲ್ಲಿ ಒಕ್ಕಲು ಖಾಲಿಯಾದ ಮೇಲೆ ಅವಸರದಲ್ಲಿ ಹೊಸ ದ್ರಾಕ್ಷಿ ತೋಟಗಳು ಎದ್ದವು. ಗುಣ ನೋಡದೆ, ಹೆಚ್ಚು ಇಳುವರಿ ಕೊಡುವ ಬಳ್ಳಿಗಳನ್ನು ನೆಟ್ಟರು. ಹುಲ್ಲು ಹೊದಿಸಿದ ಸೀಸೆಯ ಕಿಯಾಂತಿ ವೈನ್ ಪ್ರಪಂಚದೆಲ್ಲೆಡೆ ಅಗ್ಗದ ಸರಕೆಂಬ ಹೆಸರು ಪಡೆಯಿತು. ಮೇಣದ ಬತ್ತಿ ಸಿಕ್ಕಿಸಲಿಕ್ಕೆ ಆ ಖಾಲಿ ಸೀಸೆ ಚೆನ್ನ ಎಂಬಲ್ಲಿಗೆ ಮುಟ್ಟಿತು.

ಹೆಸರು ಬಿಟ್ಟು ಗುಣ ಹಿಡಿದರು

ಇಂಥ ಹೊತ್ತಿನಲ್ಲಿ, 1966ರಲ್ಲಿ, ಇಪ್ಪತ್ತೆಂಟು ವರ್ಷದ ಪಿಯೇರೊ ಅಂತಿನೋರಿಯವರ ಕೈಗೆ ತಂದೆ ನಿಕೊಲೊ ವ್ಯಾಪಾರವನ್ನು ಒಪ್ಪಿಸಿದರು.

ಕಿಯಾಂತಿ ಎಂಬ ಹೆಸರಿಗೆ ದೊಡ್ಡ ಇತಿಹಾಸವಿದೆ. 1716ರಲ್ಲೇ ಟಸ್ಕನಿಯ ಅರಸ ಮೂರನೆಯ ಕೋಸಿಮೊ ಯಾವ ಯಾವ ಊರಿನ ವೈನ್ ಈ ಹೆಸರಿನಲ್ಲಿ ಮಾರಬಹುದೆಂದು ಗಡಿ ಹಾಕಿದ್ದ. ಯಾರು ಬೇಕಾದರೂ 'ಉಡುಪಿ' ಎಂದು ಬೋರ್ಡು ಹಾಕಿಕೊಳ್ಳುವುದನ್ನು ಕಂಡು ಕೊರಗುವ ನಮಗೆ ಇದು ಹೊಟ್ಟೆಕಿಚ್ಚಿನ ವಿಷಯ. ಆದರೆ ಕಟ್ಟಳೆಗೆ ಇನ್ನೊಂದು ಮುಖವೂ ಉಂಟು. 1967ರ ಸರಕಾರಿ ನಿಯಮದ ಪ್ರಕಾರ ಕಿಯಾಂತಿ ಎನ್ನಿಸಿಕೊಳ್ಳಬೇಕಾದರೆ ಕೆಂಪು ದ್ರಾಕ್ಷಿಯ ಜೊತೆ ನೂರಕ್ಕೆ ಹತ್ತರಿಂದ ಮೂವತ್ತರಷ್ಟು ಬಿಳಿ ದ್ರಾಕ್ಷಿ ಬೆರೆಸಲೇಬೇಕಿತ್ತು. ಬಿಳಿ ದ್ರಾಕ್ಷಿ ಬೆರೆತರೆ ವೈನ್ ತೆಳ್ಳಗಾಗುತ್ತದೆ, ಬಹಳ ವರ್ಷ ತಾಳುವುದಿಲ್ಲ.

ಪಿಯೇರೊ ಅವರ ಜೊತೆಗಿದ್ದದ್ದು ಜಾಕೊಮೊ ತಾಕಿಸ್ ಎಂಬ ವೈನ್ ತಜ್ಞ. 1961ರಲ್ಲಿ, ತಂದೆಯ ಕಾಲದಲ್ಲೇ ಕೆಲಸಕ್ಕೆ ಸೇರಿದ್ದ ಅವರು ಮೂವತ್ತು ವರ್ಷ ಆ ಮನೆಯಲ್ಲೇ ದುಡಿದರು. ಫ್ರಾನ್ಸಿನ ಬೋರ್ದೋದಿಂದ ಎಮಿಲ್ ಪೆನೋ ಎಂಬ ಪ್ರಾಧ್ಯಾಪಕರ ಸಲಹೆಯನ್ನೂ ಪಡೆದರು. ತಿನ್ಯಾನೆಲ್ಲೊ ಎಂಬ ತಮ್ಮದೊಂದು ತೋಟದ ದ್ರಾಕ್ಷಿಯನ್ನು ಪ್ರತ್ಯೇಕವಾಗಿ ತೆಗೆದು, ಹಳೆಯ ದೊಡ್ಡ ಪೀಪಾಯಿಗಳ ಬದಲು 225 ಲೀಟರಿನ ಸಣ್ಣ ಓಕ್ ಪೀಪಾಯಿಗಳಲ್ಲಿ ಹದಗೊಳಿಸಿದರು. 1971ರ ಬೆಳೆಯಿಂದ ಅದು ತೋಟದ ಹೆಸರಿನಲ್ಲೇ ಮಾರುಕಟ್ಟೆಗೆ ಬಂತು. 1975ರ ಹೊತ್ತಿಗೆ ಬಿಳಿ ದ್ರಾಕ್ಷಿಯನ್ನು ಪೂರ್ತಿ ಕೈಬಿಟ್ಟರು. ಸಾಂಜೊವೇಸೆಯ ಜೊತೆ ಫ್ರಾನ್ಸ್ ಮೂಲದ ಕ್ಯಾಬರ್ನೆ ತಳಿಯನ್ನು ಸೇರಿಸಿದರು.

ಪರಿಣಾಮ ಏನು? ಕಿಯಾಂತಿ ಎಂಬ ಹೆಸರನ್ನು ಲೇಬಲಿನ ಮೇಲೆ ಹಾಕುವ ಹಕ್ಕು ಹೋಯಿತು. ಕಾನೂನಿನ ಪ್ರಕಾರ ಅದು ಬರೀ 'ಊಟದ ಮೇಜಿನ ವೈನ್', ಅಂದರೆ ತೀರಾ ಕೆಳಗಿನ ದರ್ಜೆ. ಆ ಕೆಳದರ್ಜೆಯ ವೈನಿಗೆ ಜನ ಕಿಯಾಂತಿಗಿಂತ ಹೆಚ್ಚು ಬೆಲೆ ಕೊಟ್ಟು ಕೊಂಡರು. ಕೊನೆಗೆ ನಿಯಮವೇ ಬದಲಾಯಿತು. 1996ರಿಂದ ಕಿಯಾಂತಿ ಕ್ಲಾಸಿಕೊ ವೈನನ್ನು ಸಾಂಜೊವೇಸೆ ಒಂದರಿಂದಲೇ ಮಾಡಬಹುದೆಂದಾಯಿತು. 2006ರಿಂದ ಬಿಳಿ ದ್ರಾಕ್ಷಿಯನ್ನೇ ನಿಷೇಧಿಸಲಾಯಿತು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 1972, 1973, 1974, 1976, 1984, 1992, 2002, ಈ ಏಳು ವರ್ಷಗಳ ತಿನ್ಯಾನೆಲ್ಲೊ ವೈನ್ ಎಲ್ಲಿಯೂ ಸಿಗುವುದಿಲ್ಲ. ಆ ವರ್ಷಗಳ ಬೆಳೆ ಮನಸ್ಸಿಗೆ ಬರಲಿಲ್ಲವೆಂದು ಅವರು ಅದನ್ನು ಮಾಡಲೇ ಇಲ್ಲ. ಮಾರುಕಟ್ಟೆಗೆ ಆಗತಾನೇ ಬಂದ ಸರಕು, ಮೊದಲ ವರ್ಷದ ಬೆನ್ನಿಗೇ ಮೂರು ವರ್ಷ ಸತತ ನಿಲ್ಲಿಸುವುದೆಂದರೆ ಎಂಥ ಎದೆಗಾರಿಕೆ! ಹಿಟ್ಟು ಹದಗೆಟ್ಟ ದಿನ 'ಇವತ್ತು ದೋಸೆ ಇಲ್ಲ' ಎಂದು ಬೋರ್ಡು ಬರೆಸುವ ಮಾಲಕ ನಮ್ಮಲ್ಲಿ ಎಷ್ಟು ಜನ ಇದ್ದಾರೆ ಎಂದು ನಾವೇ ಕೇಳಿಕೊಳ್ಳಬೇಕು.

ಪಾಲಿನ ಪ್ರಶ್ನೆ

ಒಳ್ಳೆಯ ವೈನ್ ಮಾಡಿದ ಮಾತ್ರಕ್ಕೆ ಮನೆತನ ಉಳಿಯುವುದಿಲ್ಲ. 1980ರ ದಶಕದಲ್ಲಿ ಅಂತಿನೋರಿಗಳಿಗೂ ನಮ್ಮೆಲ್ಲರಿಗೂ ಬರುವ ಪ್ರಶ್ನೆಯೇ ಬಂತು. ಪಿಯೇರೊ ಅವರ ಒಡಹುಟ್ಟಿದವರಿಗೆ ತಮ್ಮ ಪಾಲು ಬೇಕಾಯಿತು. ತಮ್ಮ ಲೊದೊವಿಕೊ ಕಡಲತೀರದ ಬೊಲ್ಗೆರಿಯಲ್ಲಿ ಓರ್ನೆಲ್ಲಾಯಾ ಎಂಬ ಸ್ವಂತ ತೋಟ ಕಟ್ಟಿದರು, ಅದೂ ಹೆಸರು ಮಾಡಿತು. ಆದರೆ ಪಾಲಿಗೆ ಕೊಡುವಷ್ಟು ಹಣ ಪೆಟ್ಟಿಗೆಯಲ್ಲಿರಲಿಲ್ಲ. ಇಂಗ್ಲೆಂಡಿನ ವಿಟ್‌ಬ್ರೆಡ್ ಎಂಬ ದೊಡ್ಡ ಬಿಯರ್ ಕಂಪನಿ ಪಾಲುದಾರನಾಗಿ ಒಳಬಂತು. ಆರುನೂರು ವರ್ಷ ಮನೆಯವರ ಕೈಯಲ್ಲಿದ್ದ ವ್ಯಾಪಾರದ ದೊಡ್ಡ ಭಾಗ ಹೊರಗಿನವರ ಕೈಗೆ ಹೋಯಿತು. ವರ್ಷದ ಲಾಭ ನೋಡುವ ಕಂಪನಿಗೂ, ನೆಟ್ಟ ಬಳ್ಳಿ ಫಲ ಕೊಡಲು ವರ್ಷಗಟ್ಟಲೆ ಕಾಯುವ ತೋಟದವರಿಗೂ ಲೆಕ್ಕ ಕೂಡಿಬರುವುದು ಕಷ್ಟವೇ. 1991ರಲ್ಲಿ ಪಿಯೇರೊ ಆ ಪಾಲನ್ನು ಮರಳಿ ಕೊಂಡು ವ್ಯಾಪಾರವನ್ನು ಮನೆಗೇ ತಂದರು.

ಆ ಅನುಭವದಿಂದ ಅವರು ಕಲಿತ ಪಾಠ 2012ರಲ್ಲಿ ಕಾಗದಕ್ಕೆ ಇಳಿಯಿತು. ಮನೆತನದ ವ್ಯಾಪಾರವನ್ನು ಒಂದು ಟ್ರಸ್ಟಿಗೆ ಒಪ್ಪಿಸಿದರು. ಅವಧಿ ತೊಂಬತ್ತು ವರ್ಷ. ಅಷ್ಟು ಕಾಲ ಅದನ್ನು ಮಾರುವಂತಿಲ್ಲ, ಹರಿದು ಹಂಚುವಂತಿಲ್ಲ. ಇನ್ನೂ ಹುಟ್ಟದ ಮರಿಮಕ್ಕಳ ಜಗಳವನ್ನು ಇಂದೇ ತೀರ್ಮಾನಿಸಿದಂತೆ.

ಇನ್ನೊಂದು ತಿರುವೂ ಇದೆ. ಇಪ್ಪತ್ತೈದು ತಲೆಮಾರು ಗಂಡುಮಕ್ಕಳಿಂದ ಗಂಡುಮಕ್ಕಳಿಗೆ ಬಂದ ವ್ಯಾಪಾರ ಇದು. ಪಿಯೇರೊ ಅವರಿಗೆ ಗಂಡುಮಕ್ಕಳಿಲ್ಲ, ಮೂವರು ಹೆಣ್ಣುಮಕ್ಕಳು: ಅಲ್ಬಿಯೇರಾ, ಅಲ್ಲೆಗ್ರಾ, ಅಲೆಸ್ಸಿಯಾ. ಮೂವರೂ ವ್ಯಾಪಾರಕ್ಕೆ ಬಂದರು. 2010ರ ದಶಕದ ಉತ್ತರಾರ್ಧದಲ್ಲಿ ಹಿರಿಯವರಾದ ಅಲ್ಬಿಯೇರಾ ಅಧ್ಯಕ್ಷರಾದರು. ಯುರೋಪಿನವರಿಗೆ ಇದೊಂದು ದೊಡ್ಡ ಸುದ್ದಿ. ಅಳಿಯಸಂತಾನ ಕಟ್ಟಿನಲ್ಲಿ ಬೆಳೆದ ನಮ್ಮ ತುಳುನಾಡಿನ ಮನೆಗಳಿಗೆ ಮನೆತನ ಹೆಣ್ಣಿನ ಮೂಲಕ ಮುಂದುವರಿಯುವುದು ಹೊಸತೇನೂ ಅಲ್ಲ. ಆದರೂ ನಮ್ಮ ಹೊಟೇಲುಗಳ ಗಲ್ಲಾದಲ್ಲಿ ಮಗಳು ಕೂತದ್ದನ್ನು ಎಷ್ಟು ಕಡೆ ಕಂಡಿದ್ದೇವೆ? ತರವಾಡಿನ ಯಜಮಾನಿಕೆಯನ್ನು ಹೆಣ್ಣಿನ ಸಂತಾನಕ್ಕೆ ಕಟ್ಟಿದವರು, ಹೊಟೇಲಿಗೆ ಮಾತ್ರ ಮಗನನ್ನೇ ಕಾಯುತ್ತ ಕೂತಿದ್ದೇವೆ.

ಮನೆಯವರಷ್ಟೇ ಎಲ್ಲವನ್ನೂ ಮಾಡಿದರೆಂದೂ ಅಲ್ಲ. ಇಂದು ಕಂಪನಿಯ ಆಡಳಿತ ನೋಡುತ್ತಿರುವ ರೆಂಜೊ ಕೊತರೆಲ್ಲಾ 1979ರಲ್ಲಿ ಕೆಲಸಕ್ಕೆ ಸೇರಿದವರು, ಮನೆತನದವರಲ್ಲ. ನಂಬಿಕೆಯ ಮ್ಯಾನೇಜರನ್ನು ಉಳಿಸಿಕೊಂಡ ಹೊಟೇಲು ಎಷ್ಟು ಕಾಲ ತಾಳುತ್ತದೆ ಎಂಬುದು ನಮಗೆ ಹೇಳಿಕೊಡಬೇಕಾದ ವಿಷಯವಲ್ಲ.

ಅವರೂ ಹೊಟೇಲಿನವರೇ

1957ರಲ್ಲಿ ಈ ಮನೆತನ ತಮ್ಮ ಹಳೆಯ ಅರಮನೆಯ ನೆಲ ಅಂತಸ್ತಿನಲ್ಲಿ ಕಾಂತಿನೆತ್ತಾ ಅಂತಿನೋರಿ ಎಂಬ ಊಟದ ಮನೆ ತೆರೆಯಿತು. ತಮ್ಮ ತೋಟದ ವೈನ್, ತಮ್ಮದೇ ಆಲಿವ್ ಎಣ್ಣೆ, ಟಸ್ಕನಿಯ ಮನೆಯಡುಗೆ. ಅದು ಇಂದಿಗೂ ನಡೆಯುತ್ತಿದೆ, ಬೇರೆ ದೇಶಗಳಿಗೂ ಹೋಗಿದೆ. 2012ರಲ್ಲಿ ಫ್ಲಾರೆನ್ಸಿನ ದಕ್ಷಿಣಕ್ಕೆ ಬಾರ್ಜಿನೊ ಎಂಬಲ್ಲಿ ಹೊಸ ವೈನ್ ಮನೆ ಕಟ್ಟಿದರು. ಕಟ್ಟಡದ ಬಹುಭಾಗ ಗುಡ್ಡದ ಹೊಟ್ಟೆಯಲ್ಲಿದೆ, ಮಾಡಿನ ಮೇಲೆ ದ್ರಾಕ್ಷಿಯ ಸಾಲುಗಳಿವೆ. ಹಣ್ಣು ಮೇಲಿನಿಂದ ಬಂದು, ರಸ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಸುತ್ತಲಿನ ಮಣ್ಣು ಪೀಪಾಯಿಗಳನ್ನು ತಂಪಾಗಿಡುತ್ತದೆ. ಅಲ್ಲಿಯೂ ಒಂದು ಊಟದ ಮನೆ ಇದೆ. ಅದಕ್ಕೆ 1180ರ ದಾಖಲೆಯಲ್ಲಿ ಸಿಗುವ ತಮ್ಮ ಪೂರ್ವಜ ರಿನುಚ್ಚೊ ಎಂಬವರ ಹೆಸರಿಟ್ಟಿದ್ದಾರೆ.

ಸಾಂಜೊವೇಸೆ ದ್ರಾಕ್ಷಿ ನಮಗೆ ದೂರದ್ದೂ ಅಲ್ಲ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಟಸ್ಕನಿಯ ವೈನ್ ತಜ್ಞರ ಕೈಯಲ್ಲಿ ಈ ತಳಿ ಬೆಳೆದಿದೆ. ಪರ್ಮಿಟ್ ರೂಮ್ ಇರುವ ಸದಸ್ಯರಿಗೆ ಒಂದೆರಡು ಸೂಚನೆ. ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕೊಡಿ ಎಂದರೆ ಯುರೋಪಿನ ತಣ್ಣನೆಯ ಕೋಣೆ, ಮೇ ತಿಂಗಳ ಮುಂಬಯಿಯಲ್ಲ. 16ರಿಂದ 18 ಡಿಗ್ರಿ ಸಾಕು, ಕೊಡುವ ಮೊದಲು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ತಪ್ಪೇನಿಲ್ಲ. ಬಿರಡೆಯ ಬಾಟಲಿಗಳನ್ನು ಮಲಗಿಸಿಡಿ, ಅಡುಗೆಮನೆಯ ಗೋಡೆಗೆ ತಾಗಿಸಬೇಡಿ. 750 ಮಿಲಿ ಬಾಟಲಿಯಿಂದ 150 ಮಿಲಿಯ ಐದು ಗ್ಲಾಸು. ತೆರೆದ ಬಾಟಲಿ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೂ ಎರಡು-ಮೂರು ದಿನದ ಮೇಲೆ ಗಿರಾಕಿಗೆ ಕೊಡುವಂಥದ್ದಲ್ಲ.

ನಮ್ಮ ಮನೆಯ ಮಾತು

ಇಷ್ಟನ್ನೂ ಬರೆಯುವಾಗ ನಮ್ಮ ಕಣ್ಣಮುಂದೆ ಇದ್ದದ್ದು ಫ್ಲಾರೆನ್ಸಲ್ಲ, ಲಾಲ್‌ಬಾಗ್. ನಮ್ಮ ತಂದೆಯವರು ಊರಿನ ಇಬ್ಬರು ಗೆಳೆಯರೊಂದಿಗೆ ಗಿರಣಿಗಳ ನಡುವೆ ಒಂದು ಪಗಡಿ ಜಾಗದಲ್ಲಿ ಹೊಟೇಲು ನಡೆಸುತ್ತಿದ್ದರು. ಮೂವರೂ ಹಗಲು ಗ್ಲಾಸು ತೊಳೆದು ರಾತ್ರಿ ಶಾಲೆಯಲ್ಲಿ ಓದಿದವರು. ಮೂವರ ನಡುವೆ ಕರಾರುಪತ್ರವಿರಲಿಲ್ಲ, ಬಾಯಿಮಾತೇ ಸಾಕಿತ್ತು. 1982ರ ಗಿರಣಿ ಮುಷ್ಕರದಲ್ಲಿ ಗಿರಾಕಿಗಳ ಕೈಯಲ್ಲಿ ಕಾಸಿಲ್ಲದಾಗ ತಿಂಗಳುಗಟ್ಟಲೆ ಖಾತೆ ಬರೆದು ಊಟ ಹಾಕಿದರು. ಆ ಹೊಟೇಲು ಮುಷ್ಕರವನ್ನು ತಾಳಿಕೊಂಡಿತು, ಗಿರಣಿಗಳು ಮುಚ್ಚಿದ್ದನ್ನೂ ತಾಳಿಕೊಂಡಿತು. ಮೂವರೂ ಹೋದ ಮೇಲೆ ಮಕ್ಕಳಾದ ನಮ್ಮ ಜಗಳವನ್ನು ಮಾತ್ರ ತಾಳಿಕೊಳ್ಳಲಿಲ್ಲ. ಯಾರ ಪಾಲು ಎಷ್ಟು ಎಂಬುದಕ್ಕೆ ಕಾಗದವಿಲ್ಲದೆ ವಕೀಲರ ಮನೆ ಹತ್ತಿದೆವು. ಇಂದು ಅಲ್ಲಿ ಮೊಬೈಲು ಅಂಗಡಿ ಇದೆ. ಗೆದ್ದವರು ಯಾರೂ ಇಲ್ಲ. ನಮ್ಮ ತಂಗಿಗೆ ಗಲ್ಲಾದ ಲೆಕ್ಕ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಅವಳನ್ನು ಕೇಳಬೇಕೆಂದು ಆಗ ಒಬ್ಬರಿಗೂ ಹೊಳೆಯಲಿಲ್ಲ.

ಅಂತಿನೋರಿಗಳಿಗೆ ಅರಮನೆಯಿತ್ತು, ನೂರಾರು ಎಕರೆ ಭೂಮಿಯಿತ್ತು. ನಮ್ಮ ಹಿರಿಯರು ಮುಂಬಯಿಗೆ ತಂದದ್ದು ಒಂದು ತಗಡಿನ ಟ್ರಂಕು. ಆದ್ದರಿಂದ ಅವರಂತೆ ನಾವೂ ಆರುನೂರು ವರ್ಷ ನಡೆಸೋಣ ಎಂದರೆ ಯಾರೂ ಒಪ್ಪುವ ಮಾತಲ್ಲ. ಮಕ್ಕಳಿಗೆ ಬೇರೆ ದಾರಿ ಇಷ್ಟವಿದ್ದರೆ ಕಟ್ಟಿಹಾಕುವುದೂ ತರವಲ್ಲ. ಆದರೆ ಅವರು ಮಾಡಿದ್ದರಲ್ಲಿ ಕೆಲವನ್ನು ಮಾಡಲು ಅರಮನೆ ಬೇಕಿಲ್ಲ. ಪಾಲು ಎಷ್ಟು, ಬಿಟ್ಟುಹೋಗುವವರಿಗೆ ಹೇಗೆ ಕೊಡುವುದು, ಉಳಿಯುವವರು ಹೇಗೆ ನಡೆಸುವುದು ಎಂಬುದನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ, ನಗುನಗುತ್ತ ಇರುವಾಗಲೇ, ಒಳ್ಳೆಯ ವಕೀಲರಿಂದ ಬರೆಸಿಡಬಹುದು. ಮಗನಂತೆ ಮಗಳನ್ನೂ ರಜೆಯಲ್ಲಿ ಗಲ್ಲಾಕ್ಕೆ ಕೂರಿಸಬಹುದು. ಇಪ್ಪತ್ತು ವರ್ಷ ದುಡಿದ ಮ್ಯಾನೇಜರನ್ನು ಮಾತಿಗೆ ಕರೆಯಬಹುದು.

ಬರುವ ಮಹಾಸಭೆಗೆ ಸದಸ್ಯ ಬಾಂಧವರು ತಾವೊಬ್ಬರೇ ಬರದೆ ಮಕ್ಕಳನ್ನೂ ಕರೆತರಬೇಕೆಂದು ನಮ್ಮ ಕೋರಿಕೆ. ಹೆಣ್ಣುಮಕ್ಕಳಿಗೂ ಕುರ್ಚಿ ಹಾಕಿಸುತ್ತೇವೆ.